600 ಮುಗಿದು ಮೂರು ವಾರ ಆಯ್ತು, ಮೈ ಇನ್ನೂ ಎದ್ದಿಲ್ಲ

ಒಂಟಿಪೆಡಲ್ · ಶನಿವಾರ, ಬೆಳಗ್ಗೆ 6:40

ಎಲ್ಲರಿಗೂ ನಮಸ್ಕಾರ. ಬೆಂಗಳೂರು–ರಾಣೆಬೆನ್ನೂರು–ಬೆಂಗಳೂರು 600 ಕಿ.ಮೀ. ಸೈಕಲ್ ಬ್ರೆವೆ (ರೇಸ್ ಅಲ್ಲ, ಗಡುವಿನೊಳಗೆ ಮುಗಿಸಬೇಕಾದ ದೂರದ ರೈಡ್) ಮುಗಿಸಿ ಇವತ್ತಿಗೆ 20 ದಿನ. ಗಡುವು 40 ಗಂಟೆ, ನಾನು ಬಂದು ಸೇರಿದ್ದು 38 ಗಂಟೆ 50 ನಿಮಿಷಕ್ಕೆ. ದಾವಣಗೆರೆಯ ಲಾಡ್ಜಿನಲ್ಲಿ ಒಂದೂವರೆ ಗಂಟೆ ಮಲಗಿದ್ದು ಬಿಟ್ಟರೆ ನಿದ್ದೆಯೇ ಇಲ್ಲ. ವಾಪಸ್ ಬರುವಾಗ ಹಿರಿಯೂರಿನಿಂದ ಸಿರಾವರೆಗೆ ಎದುರುಗಾಳಿ. ಚಿತ್ರದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ ನೋಡಿದಾಗಲೇ ಎದೆ ಧಸಕ್ ಅಂದಿತ್ತು. ಇರಲಿ, ಅದೆಲ್ಲ ಗೊತ್ತಿದ್ದೇ ಹೋಗಿದ್ದು.

ತೊಂದರೆ ಈಗ. ಕಾಲುನೋವು ನಾಲ್ಕೇ ದಿನಕ್ಕೆ ಹೋಯಿತು, ಸುಸ್ತು ಹೋಗಿಲ್ಲ. ಆಫೀಸಿನಲ್ಲಿ ಎರಡನೇ ಮಹಡಿಗೆ ಮೆಟ್ಟಿಲು ಹತ್ತಿದರೆ ನಡುವೆ ನಿಂತು ಫೋನ್ ನೋಡುವ ನಾಟಕ ಮಾಡುತ್ತೇನೆ. ನಿಜವಾಗಿ ಉಸಿರು ತಗೊಳ್ಳೋಕೆ ನಿಂತಿರುವುದು. ಬೆಳಗ್ಗೆ ಎದ್ದ ಕೂಡಲೇ ನಾಡಿ 54 ಇರುತ್ತಿತ್ತು, ಈಗ 63, 64. ಸೈಕಲ್ ಮೇಲೆ ಮೊದಲು 125ರಲ್ಲಿ ಆರಾಮಾಗಿ ಹೋಗುತ್ತಿದ್ದ ಸ್ಪೀಡಿಗೆ ಈಗ ಹಾರ್ಟ್ ರೇಟ್ 145.

ಇನ್ನು ಐದು ವಾರಕ್ಕೆ 1000 ಕಿ.ಮೀ. ಬ್ರೆವೆ ಇದೆ. ದುಡ್ಡು ಕಟ್ಟಿದ್ದೇನೆ. ಏನು ಮಾಡಲಿ?

ಬೆಣ್ಣೆದೋಸೆ ಎರಡು · ಶನಿವಾರ, ಬೆಳಗ್ಗೆ 7:15

ಕಂಗ್ರಾಟ್ಸ್ ಗುರು! ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ಕೂತುಬಿಟ್ಟಿದೆ ಅಷ್ಟೇ. ಒಂದು ಒಳ್ಳೆ ಮಸಾಜ್ ಮಾಡಿಸಿ, ಬಕೆಟ್ಟಿಗೆ ಐಸ್ ಸುರಿದು 10 ನಿಮಿಷ ಕಾಲಿಟ್ಟುಕೊಂಡು ಕೂತ್ಕೊಳ್ಳಿ. ನಾನು ಮಸಾಜ್ ಗನ್ ತಗೊಂಡ ಮೇಲೆ ಲೈಫೇ ಚೇಂಜ್.

ಎದುರುಗಾಳಿ · ಶನಿವಾರ, ಬೆಳಗ್ಗೆ 8:02

ಬೆಣ್ಣೆದೋಸೆ ಅವರೇ, ಬೇಜಾರು ಮಾಡ್ಕೋಬೇಡಿ. ಲ್ಯಾಕ್ಟಿಕ್ ಆಸಿಡ್ ಮೂರು ವಾರ ಕೂರುವುದಿಲ್ಲ. ರೈಡ್ ನಿಲ್ಲಿಸಿದ ಒಂದು ಗಂಟೆಯೊಳಗೆ ರಕ್ತದಿಂದ ಖಾಲಿ ಆಗಿರುತ್ತದೆ. ಆಮೇಲೆ ಎರಡು ಮೂರು ದಿನ ತೊಡೆ ನೋಯುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನಿಂದ. ಐಸ್, ಮಸಾಜ್ ಎಲ್ಲ ಆ ನೋವಿಗೆ ಹಿತ, ಬೇಡ ಅನ್ನಲ್ಲ. ಇವರು ಕೇಳುತ್ತಿರುವುದು ನೋವಿನ ಬಗ್ಗೆ ಅಲ್ಲವಲ್ಲ.

ಒಂಟಿಪೆಡಲ್, ಒಂದು ವಿಷಯ ಹೇಳಿ. ಭಾನುವಾರ ರಾತ್ರಿ ಮುಗಿಸಿದಿರಿ. ಸೋಮವಾರದಿಂದ ಏನೇನು ಮಾಡಿದಿರಿ? ಒಂದನ್ನೂ ಬಿಡದೆ ಬರೆಯಿರಿ.

ಒಂಟಿಪೆಡಲ್ · ಶನಿವಾರ, ಬೆಳಗ್ಗೆ 9:30

ರಾತ್ರಿ 8:50ಕ್ಕೆ ಮುಗಿಸಿದೆ. ನಾನೇ ಕಾರ್ ಓಡಿಸಿಕೊಂಡು ಮನೆಗೆ ಬಂದೆ. ಸೋಮವಾರ 9:30ಕ್ಕೆ ಆಫೀಸು. ಆ ವಾರ ರಿಲೀಸ್ ಇತ್ತು, ದಿನಾ ಮಲಗುವಾಗ 1 ಗಂಟೆ, ಏಳುವುದು 6:30. ಗುರುವಾರ ಹುಡುಗರ ಜೊತೆ 40 ಕಿ.ಮೀ. ಮುಂದಿನ ಭಾನುವಾರ ನಂದಿ ಹತ್ತಿದೆ, ಎರಡು ಸಲ. ಅದರ ಮುಂದಿನ ವಾರ 120.

ಊಟ ಸ್ವಲ್ಪ ಕಡಿಮೆ ಮಾಡಿದ್ದೇನೆ. 71 ಕೆ.ಜಿ. ಇದ್ದೇನೆ, 1000ಕ್ಕೆ 67ಕ್ಕೆ ಇಳಿಸೋಣ ಅಂತ. ರಾತ್ರಿ ಅನ್ನ ಬಿಟ್ಟಿದ್ದೇನೆ, ಬರೀ ಸೌತೆಕಾಯಿ ಕೋಸಂಬರಿ, ಮಜ್ಜಿಗೆ.

ಎದುರುಗಾಳಿ · ಶನಿವಾರ, ಬೆಳಗ್ಗೆ 9:41

ಎರಡು ಸಲ ನಂದಿ!

ಏಳು ದಿನಕ್ಕೆ!

ಹಳೇ ಗಾಲಿ, ವಿಜಯಪುರ · ಶನಿವಾರ, ಮಧ್ಯಾಹ್ನ 12:20

ತಮ್ಮಾ, ನನಗೀಗ 58. ನಮ್ಮ ಕಡೆ, ವಿಜಯಪುರ ಬಾಗಲಕೋಟೆ ಅಂದರೆ ಮೊದಲಿಂದ ಸೈಕಲ್ಲಿನ ಸೀಮೆ. ನಾನು ಹುಡುಗ ಇದ್ದಾಗ ರೇಸ್ ಹೊಡೆಯುತ್ತಿದ್ದೆ. ಉದ್ದನೆ ರೇಸ್ ಮುಗಿದ ಮರುದಿನ ನಮ್ಮ ಕೋಚ್ ಎಲ್ಲ ಸೈಕಲ್ ಒಂದು ಖೋಲಿಯಲ್ಲಿ ಹಾಕಿ ಕೀಲಿ ಜಡಿಯುತ್ತಿದ್ದರು. ಕೀಲಿ ಅವರ ಅಂಗಿ ಕಿಸೆಯಲ್ಲಿ. ಮೂರು ದಿನ ಯಾರೇ ಕೇಳಿದರೂ ಕೊಡುತ್ತಿರಲಿಲ್ಲ. ಆಗ ನಮಗೆ ಸಿಟ್ಟು ಬರುತ್ತಿತ್ತು. ಅವರು ಕೀಲಿ ಹಾಕಿದ್ದು ಸೈಕಲ್ಲಿಗಲ್ಲ, ನಮ್ಮ ಹುಕಿಗೆ ಅಂತ ತಿಳಿಯಲಿಕ್ಕೆ ನನಗೆ 40 ವರ್ಷ ಆಗಬೇಕಾಯಿತು.

ಈಗ ನಾನು ಬ್ರೆವೆ ಹೊಡೆಯುತ್ತೇನೆ. ನನ್ನ ಲೆಕ್ಕ ಸಾದಾ. 100 ಕಿ.ಮೀ.ಗೆ ಒಂದು ದಿನ. 600 ಹೊಡೆದರೆ ಆರು ದಿನ ಜೋರು ತುಳಿಯೋದಿಲ್ಲ. ಮೊದಲ ಮೂರು ದಿನ ಸೈಕಲ್ ಮುಟ್ಟೋದೇ ಇಲ್ಲ, ಸಂಜೆ ಒಂದು ಸುತ್ತು ನಡೆದು ಬರುತ್ತೇನೆ. ಆಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ, ಸಣ್ಣ ಗೇರಿನಲ್ಲಿ. ಪಕ್ಕದವನ ಜೊತೆ ಮನೆಮಂದಿಯ ಸುದ್ದಿ ಮಾತಾಡಿಕೊಂಡು ಹೋಗುವಷ್ಟು. ಮಾತು ತುಂಡಾಯಿತು ಅಂದರೆ ಜಾಸ್ತಿ ಆಯಿತು ಅಂತ ಅರ್ಥ. ಇದು ಪುಸ್ತಕದ ಲೆಕ್ಕ ಅಲ್ಲ, ನನ್ನ ಮೈಯದ್ದು. ನಿನ್ನದು ಬೇರೆ ಇರಬಹುದು. ಆದರೆ ಏಳು ದಿನಕ್ಕೆ ನಂದಿ ಎರಡು ಸಲ ಯಾರ ಲೆಕ್ಕದಲ್ಲೂ ಇಲ್ಲ.

ಊಟದ್ದಂತೂ ಕೇಳಿ ಹೊಟ್ಟೆ ಉರಿಯಿತು. 600ಕ್ಕೆ ಹತ್ತು ಸಾವಿರ ಕ್ಯಾಲೊರಿ ಸುಟ್ಟು ಬಂದು ಸೌತೆಕಾಯಿ ತಿನ್ನುತ್ತಾರೇನು? ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ವಾರಪೂರ್ತಿ, ಎರಡು ಹೊತ್ತು.

ಒಂದು ಮಾತು ಮಾತ್ರ ನನಗೆ ಕೂಡಿಬರುತ್ತಿಲ್ಲ. ನಾನು ನೋಡಿದ ಹಾಗೆ, ಅತಿಯಾಗಿ ತುಳಿದು ಸೋತವನ ಎದೆಬಡಿತ ಸೈಕಲ್ ಮೇಲೆ ಏರೋದೇ ಇಲ್ಲ. ಎಷ್ಟು ಒತ್ತಿದರೂ 140 ದಾಟೋದಿಲ್ಲ, ಕಾಲು ಕಬ್ಬಿಣ ಆಗಿರುತ್ತದೆ. ನಿನ್ನದು ಉಲ್ಟಾ, ಸುಮ್ಮನೆ ಹೋದರೂ 145. ಇಲ್ಲಿ ಡಾಕ್ಟರ್ ಯಾರಾದರೂ ಇದ್ದರೆ ಹೇಳಲಿ.

ಡಚ್ ಕೆರೆ ಏರಿ · ಶನಿವಾರ, ಸಂಜೆ 5:55

ನೆದರ್ಲ್ಯಾಂಡ್ಸ್‌ನಿಂದ. ಮೂಲ ಊರು ಹಾಸನದ ಕಡೆ. 2023ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಮಾಡಿದ್ದೆ, 1200 ಚಿಲ್ಲರೆ ಕಿ.ಮೀ., 90 ಗಂಟೆ. ಅಲ್ಲಿ ದೊಡ್ಡ ಬೆಟ್ಟ ಅನ್ನುವುದೇ ಇಲ್ಲ, ಆದರೆ ಏರಿಳಿತ ಎಲ್ಲ ಕೂಡಿಸಿದರೆ 12,000 ಮೀಟರ್ ಹತ್ತಿದ ಲೆಕ್ಕ. ಮೂರನೇ ರಾತ್ರಿ ರಸ್ತೆ ಪಕ್ಕ, ಬ್ಯಾಂಕಿನ ಎಟಿಎಂ ಒಳಗೆ, ಎಲ್ಲೆಂದರಲ್ಲಿ ಜನ ಬೆಳ್ಳಿ ಕಾಗದದಂಥ ಹೊದಿಕೆ ಹೊದ್ದು ಬಿದ್ದಿರುತ್ತಾರೆ.

ಮುಗಿಸಿದ ಮೇಲೆ ಆದದ್ದು ಹೇಳುತ್ತೇನೆ, ಮುಂದೆ 1000ಕ್ಕೆ ಹೋಗುವವರಿಗೆ ಉಪಯೋಗ ಆಗಬಹುದು. ಎರಡನೇ ದಿನ ಎರಡೂ ಹರಡು ಊದಿಕೊಂಡವು. ಚಪ್ಪಲಿ ಪಟ್ಟಿ ಹಾಕೋಕೆ ಆಗಲಿಲ್ಲ. ಕಾಲು ದಿಂಬಿನ ಮೇಲೆ ಎತ್ತಿಟ್ಟು ಮಲಗಿದೆ, ನಾಲ್ಕು ದಿನಕ್ಕೆ ಇಳಿಯಿತು. ಕಿರುಬೆರಳು, ಉಂಗುರ ಬೆರಳು ಎರಡಕ್ಕೂ ಜೋಮು. ಹ್ಯಾಂಡಲ್ ಮೇಲೆ ಒರಗಿ ಒರಗಿ ಅಂಗೈ ಬುಡದಲ್ಲಿ ಹಾದುಹೋಗುವ ನರ ಅದುಮಿ ಹಾಗಾಗುತ್ತದಂತೆ. ಅಂಗಿ ಗುಂಡಿ ಹಾಕೋಕೆ ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು. ಪೂರ್ತಿ ಸರಿಹೋಗೋಕೆ ಎರಡು ತಿಂಗಳು. ಇನ್ನೊಬ್ಬರಿಗೆ ಕತ್ತು ನಿಲ್ಲುತ್ತಲೇ ಇರಲಿಲ್ಲ, ಗಲ್ಲಕ್ಕೆ ಕೈ ಕೊಟ್ಟು ತುಳಿಯುತ್ತಿದ್ದರು. ಅದಕ್ಕೆ ಶೆರ್ಮರ್ ಕತ್ತು ಅಂತಲೇ ಹೆಸರು. 1983ರಲ್ಲಿ ಅಮೆರಿಕ ಅಡ್ಡ ದಾಟುವ ರೇಸಿನಲ್ಲಿ ಮೈಕಲ್ ಶೆರ್ಮರ್‌ಗೆ ಹಾಗಾಗಿ ಬಂದ ಹೆಸರು.

ಇದೆಲ್ಲ ಕಣ್ಣಿಗೆ ಕಾಣುವುದು, ವಾಸಿಯೂ ಆಗುತ್ತದೆ. ಕಾಣದ್ದು ನಿದ್ದೆಯ ಸಾಲ. ನಾನು ಮೊದಲ ರಾತ್ರಿ 11 ಗಂಟೆ ಮಲಗಿದೆ, ಎರಡನೇ ರಾತ್ರಿ 10. ಒಂದೇ ರಾತ್ರಿಗೆ ತೀರುವ ಸಾಲ ಅಲ್ಲ. ಆ ವಾರ ಪೂರ್ತಿ ರಜೆ ಹಾಕಿದ್ದೆ. 600ಕ್ಕೂ ಕನಿಷ್ಠ ಸೋಮವಾರ, ಮಂಗಳವಾರ ರಜೆ ಹಾಕಿ. ರೈಡಿಗೆ ದುಡ್ಡು ಕಟ್ಟುವ ದಿನವೇ ಹಾಕಿಬಿಡಿ.

ಎದುರುಗಾಳಿ · ಶನಿವಾರ, ಸಂಜೆ 6:30

ಕಾರ್ ಓಡಿಸಿಕೊಂಡು ಬಂದೆ ಅಂದರಲ್ಲ, ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಾನು ಮೊದಲ 400 ಮುಗಿಸಿ ಹಾಗೇ ಮಾಡಿದ್ದೆ. ಸಿಗ್ನಲ್‌ನಲ್ಲಿ ನಿಂತಿದ್ದು ನೆನಪಿದೆ. ಆಮೇಲೆ ನೆನಪಿರುವುದು ಹಿಂದಿನ ಬಸ್ಸಿನವನು ಬಂದು ಗಾಜು ತಟ್ಟಿದ್ದು. ಕಾಲು ಬ್ರೇಕ್ ಮೇಲೆ ಇದ್ದದ್ದು ಪುಣ್ಯ. ಎರಡು ದಿನ ನಿದ್ದೆಗೆಟ್ಟು ಗಾಡಿ ಓಡಿಸುವುದೂ ಕುಡಿದು ಓಡಿಸುವುದೂ ಒಂದೇ. ಆಟೋ ಹಿಡಿಯಿರಿ, ಇಲ್ಲ ಮನೆಯವರನ್ನು ಕರೆಸಿಕೊಳ್ಳಿ. ಸೈಕಲ್ ಅಲ್ಲೇ ಎಲ್ಲಾದರೂ ಇಟ್ಟು ಬನ್ನಿ.

ಸಣ್ಣ ಗೇರು · ಶನಿವಾರ, ರಾತ್ರಿ 9:12

ತೂಕ ಇಳಿಸುವ ವಿಷಯಕ್ಕೆ ಒಂದು ಮಾತು. ಇಲ್ಲಿರುವ ಹೆಂಗಸರಿಗೂ ಸೇರಿಸಿ ಹೇಳುತ್ತಿದ್ದೇನೆ. ಒಂದೇ ಸೀಸನ್‌ನಲ್ಲಿ 200, 300, 400, 600 ನಾಲ್ಕೂ ಮುಗಿಸಿ ಎಸ್ಆರ್ (ಸೂಪರ್ ರಾಂಡನರ್, ನಾಲ್ಕೂ ಮುಗಿಸಿದವರಿಗೆ ಸಿಗುವ ಬಿರುದು) ಆಗಬೇಕು ಅಂತ ಹಟ ಹಿಡಿದಿದ್ದೆ. ಜೊತೆಗೆ ತೂಕವನ್ನೂ ಇಳಿಸುತ್ತಿದ್ದೆ. ಮೂರು ತಿಂಗಳು ಮುಟ್ಟು ನಿಂತಿತು. ನಾನೋ, ಒಳ್ಳೇದೇ ಆಯ್ತು, ರೈಡಿನಲ್ಲಿ ತಾಪತ್ರಯ ಇಲ್ಲ ಅಂದುಕೊಂಡೆ! ಆಮೇಲೆ ಕೂದಲು ಉದುರೋಕೆ ಶುರು, ಸಣ್ಣ ಜ್ವರ ಬಂದರೂ ಹೋಗದು. ಡಾಕ್ಟರ್ ಹೇಳಿದ್ದು: ತುಳಿಯೋಕೆ ಬೇಕಾದ್ದೂ ಸಾಲದೆ, ಮೈ ನಡೆಯೋಕೆ ಬೇಕಾದ್ದೂ ಸಾಲದೆ ದೇಹ ಒಂದೊಂದೇ ಲೈಟ್ ಆರಿಸುತ್ತಾ ಬಂದಿದೆ, ಮೂಳೆಗೂ ಪೆಟ್ಟು. ಮುಟ್ಟು ನಿಂತರೆ ಅದು ಫಿಟ್‌ನೆಸ್ ಅಲ್ಲ. ಗಂಡಸರಿಗೆ ಆ ಸೂಚನೆಯೂ ಸಿಗುವುದಿಲ್ಲ ನೋಡಿ, ಹಾಗಾಗಿ ಇನ್ನೂ ತಡವಾಗಿ ಗೊತ್ತಾಗುತ್ತದೆ.

ಒಂಟಿಪೆಡಲ್ · ಶನಿವಾರ, ರಾತ್ರಿ 10:40

ಎಲ್ಲರಿಗೂ ಥ್ಯಾಂಕ್ಸ್. ಸುಮ್ನೆ ವಾದ ಮಾಡ್ತಿಲ್ಲ, ಆದರೆ ನನ್ನ ಜೊತೆ ಅದೇ 600 ಮುಗಿಸಿದವರು ಮುಂದಿನ ವಾರವೇ 200 ಹೊಡೆದರು. ಅವರಿಗೇನೂ ಆಗಿಲ್ಲವಲ್ಲ?

ಹಳೇ ಗಾಲಿ, ವಿಜಯಪುರ · ಶನಿವಾರ, ರಾತ್ರಿ 10:52

ಅವರು ಸೌತೆಕಾಯಿ ತಿಂದಿರಲಿಕ್ಕಿಲ್ಲ. ಮಲಗಪ್ಪ ಈಗ.

ತುಂಗೆ ದಂಡೆ · ಭಾನುವಾರ, ಬೆಳಗ್ಗೆ 11:05

ನಾನು ಡಾಕ್ಟರ್, ಶಿವಮೊಗ್ಗ ಕಡೆ. ಸೈಕಲ್ಲೂ ತುಳಿಯುತ್ತೇನೆ, 300ರವರೆಗೆ ಮಾತ್ರ. ಇಲ್ಲಿ ಕೂತು ರೋಗ ಹೇಳುವುದಿಲ್ಲ. ನಿಮ್ಮ ಊರಿನ ಡಾಕ್ಟರ ಹತ್ತಿರ ಹೋಗಬೇಕು, ಯಾಕೆ ಅಂತ ಮಾತ್ರ ಹೇಳುತ್ತೇನೆ.

ರೈಡ್ ಮುಗಿದ ಮೊದಲ ಎರಡು ಮೂರು ದಿನದಲ್ಲಿ ನಾವು ಹೆದರುವುದು ಬೇರೆ ವಿಷಯಗಳಿಗೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತು, ತೊಡೆ ಮುಟ್ಟಿದರೆ ಜೀವ ಹೋಗುವಷ್ಟು ನೋವು ಅಂದರೆ ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಹೋಗುತ್ತಿರಬಹುದು. ಅದಕ್ಕೆ ಮಜ್ಜಿಗೆ ಕುಡಿದು ಕೂರಬಾರದು, ಅವತ್ತೇ ಆಸ್ಪತ್ರೆ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದು ತಲೆನೋವು, ವಾಂತಿ, ಮಾತು ತೊದಲು ಬಂದರೆ ರಕ್ತದಲ್ಲಿ ಸೋಡಿಯಂ ಇಳಿದಿದೆ ಅಂತ. ಅದೂ ಅವತ್ತೇ. ಎದೆನೋವು, ತಲೆಸುತ್ತಿ ಬೀಳುವುದು ಹೇಳುವುದೇ ಬೇಡ. ನೋವಿನ ಮಾತ್ರೆ ನುಂಗಿಕೊಂಡು ತುಳಿಯುವ ಚಾಳಿ ನಮ್ಮಲ್ಲಿ ಜಾಸ್ತಿ ಆಗಿದೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಐಬುಪ್ರೊಫೆನ್ ಥರದ ಮಾತ್ರೆ ಕಿಡ್ನಿಗೂ ಹೊಟ್ಟೆಗೂ ಒಳ್ಳೆಯದಲ್ಲ.

ನಿಮ್ಮದು ಮೂರು ವಾರದ ಕಥೆ. ನಿದ್ದೆ ಇಲ್ಲ, ಊಟ ಇಲ್ಲ, ವಿಶ್ರಾಂತಿ ಇಲ್ಲ. ಇಷ್ಟೇ ಸಾಕು ಸುಸ್ತಿಗೆ. ಸ್ನಾಯು ಮತ್ತು ಲಿವರ್ ಸೇರಿ ಕೂಡಿಟ್ಟುಕೊಳ್ಳುವ ಗ್ಲೈಕೋಜನ್, ಅಂದರೆ ಶಕ್ತಿಗೆ ಬೇಕಾದ ಸಕ್ಕರೆಯ ದಾಸ್ತಾನು, ಸುಮಾರು ಅರ್ಧ ಕೆ.ಜಿ. ಖಾಲಿಯಾದ ಮೇಲೆ ಚೆನ್ನಾಗಿ ತಿಂದರೂ ತುಂಬೋಕೆ ಒಂದು ದಿನ, ಕೆಲವೊಮ್ಮೆ ಜಾಸ್ತಿ ಬೇಕು. ನಿಮ್ಮ ತೂಕಕ್ಕೆ ಆ ಮೊದಲ ದಿನಗಳಲ್ಲಿ ದಿನಕ್ಕೆ 500 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಹೋಗಬೇಕು. ಒಂದು ಬಟ್ಟಲು ಅನ್ನದಲ್ಲಿ ಇರುವುದು 45 ಗ್ರಾಂ. ಲೆಕ್ಕ ಹಾಕಿ. ಅನ್ನ ಬಿಡುವ ವಾರ ಅಲ್ಲ ಅದು.

ಆದರೆ ಗಾಲಿ ಸರ್ ಹೇಳಿದ್ದು ಸರಿಯಾದ ಮಾತು. ಬರೀ ಅತಿ ತರಬೇತಿಯ ಸುಸ್ತಿನಲ್ಲಿ ಸಾಮಾನ್ಯವಾಗಿ ತುಳಿಯುವಾಗಿನ ಹಾರ್ಟ್ ರೇಟ್ ಏರಲು ಒಲ್ಲೆ ಅನ್ನುತ್ತದೆ. ನಿಮ್ಮದು ಅದೇ ಕೆಲಸಕ್ಕೆ 20 ಬಡಿತ ಜಾಸ್ತಿ, ಜೊತೆಗೆ ಮೆಟ್ಟಿಲಲ್ಲಿ ಉಸಿರು. ಹಾರ್ಟ್ ಜಾಸ್ತಿ ಓಡುತ್ತಿದೆ ಅಂದರೆ ಒಂದೊಂದು ಸುತ್ತಿಗೆ ಕಡಿಮೆ ಆಮ್ಲಜನಕ ಹೊರುತ್ತಿದೆಯೇನೋ ಅಂತ ನೋಡಬೇಕು. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ವಿಟಮಿನ್ ಬಿ12, ಟಿಎಸ್ಎಚ್ (ಥೈರಾಯ್ಡಿಗೆ), ಕ್ರಿಯಾಟಿನಿನ್ (ಕಿಡ್ನಿಗೆ) ಮಾಡಿಸಿ. ಜ್ವರ, ನೆಗಡಿ ಇದ್ದಾಗ ಫೆರಿಟಿನ್ ಬೇಡ, ಸುಳ್ಳೇ ಮೇಲಕ್ಕೆ ತೋರಿಸುತ್ತದೆ. ಒಂದು ಇಸಿಜಿಯೂ ಆಗಲಿ.

ಮತ್ತೆ, ನೀವು ಸಸ್ಯಾಹಾರಿಯಾ? ಇತ್ತೀಚೆಗೆ ರಕ್ತ ಎಲ್ಲಾದರೂ ಹೋಗಿದೆಯಾ? ಪೈಲ್ಸ್, ಹೊಟ್ಟೆ ಉರಿ, ಏನಾದರೂ?

ಒಂಟಿಪೆಡಲ್ · ಭಾನುವಾರ, ಬೆಳಗ್ಗೆ 11:31

ಸಸ್ಯಾಹಾರಿ. ಪೈಲ್ಸ್ ಇಲ್ಲ. ರೈಡಿನಲ್ಲಿ ಎರಡು ನೋವಿನ ಮಾತ್ರೆ ತಗೊಂಡಿದ್ದೆ, ಇನ್ನು ಮೇಲೆ ಇಲ್ಲ.

ರಕ್ತ ಅಂದಾಗ ನೆನಪಾಯಿತು. ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು, ಕೊಟ್ಟೆ. ವರ್ಷಕ್ಕೆ ಮೂರು ಸಲ ಕೊಡುತ್ತೇನೆ. 600ಕ್ಕೆ 12 ದಿನ ಮೊದಲು.

ಎದುರುಗಾಳಿ · ಭಾನುವಾರ, ಬೆಳಗ್ಗೆ 11:33

ಇದನ್ನು ಮೊದಲನೇ ಪೋಸ್ಟಲ್ಲಿ ಹೇಳೋದಲ್ವಾ ಮಾರಾಯ್ರೆ!

ಬೆಣ್ಣೆದೋಸೆ ಎರಡು · ಭಾನುವಾರ, ಬೆಳಗ್ಗೆ 11:50

ಹಾಗಾದರೆ ರೈಡರ್‌ಗಳು ರಕ್ತ ಕೊಡಲೇಬಾರದು ಅಂತಾಯ್ತು.

ತುಂಗೆ ದಂಡೆ · ಭಾನುವಾರ, ಮಧ್ಯಾಹ್ನ 1:20

ಹಾಗಲ್ಲ ಬೆಣ್ಣೆದೋಸೆ ಅವರೇ, ಆ ಮಾತು ಇಲ್ಲಿಂದ ಹೊರಗೆ ಹೋಗಬಾರದು. ಕೊಡಿ, ಖಂಡಿತ ಕೊಡಿ. ದಿನ ನೋಡಿ ಕೊಡಿ. 350 ಮಿ.ಲೀ. ಕೊಟ್ಟರೆ ನೀರಿನ ಅಂಶ ಒಂದೆರಡು ದಿನಕ್ಕೆ ತುಂಬಿಕೊಳ್ಳುತ್ತದೆ. ಕೆಂಪು ಕಣ ಮತ್ತೆ ತಯಾರಾಗೋಕೆ ವಾರಗಳು ಬೇಕು. ಅದರ ಜೊತೆ ಹೋದ ಕಬ್ಬಿಣ ಊಟದಿಂದಲೇ ಸೇರಬೇಕಾದರೆ ತಿಂಗಳುಗಳೇ ಆಗಬಹುದು. ಆಫೀಸಿಗೆ ಹೋಗಿ ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ. 600 ತುಳಿಯುವವರಿಗೆ ಗೊತ್ತಾಗುತ್ತದೆ. ಗಂಡಸರಿಗೆ ನಮ್ಮಲ್ಲಿ ಎರಡು ದಾನದ ನಡುವೆ 90 ದಿನ ಅಂತರ. ಸೀಸನ್ನಿನ ದೊಡ್ಡ ರೈಡ್ ಮುಗಿದು, ಮೈ ಸುಧಾರಿಸಿದ ಮೇಲೆ ಕೊಡಿ, ಮುಂದಿನ ದೊಡ್ಡ ರೈಡಿಗೆ ತಿಂಗಳುಗಳು ಇರುವಾಗ.

ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಮೊದಲು ರಿಪೋರ್ಟ್ ಬರಲಿ.

ಒಂಟಿಪೆಡಲ್ · ಬುಧವಾರ, ಸಂಜೆ 7:10

ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 12.3, ಫೆರಿಟಿನ್ 11, ಎರಡೂ ಕಡಿಮೆ. ಬಿ12 ಅಂಚಿನಲ್ಲಿದೆ. ಥೈರಾಯ್ಡ್, ಕ್ರಿಯಾಟಿನಿನ್, ಇಸಿಜಿ ಸರಿ ಇವೆ. ನಮ್ಮ ಡಾಕ್ಟರ್ ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ ಕೊಟ್ಟಿದ್ದಾರೆ, ದಿನಾ ನುಂಗುವುದಕ್ಕಿಂತ ಹಾಗೆ ಚೆನ್ನಾಗಿ ಹಿಡಿಯುತ್ತದಂತೆ. ಎಂಟು ವಾರ ಬಿಟ್ಟು ಮತ್ತೆ ಟೆಸ್ಟ್. ಆಗಲೂ ಏರದಿದ್ದರೆ ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡೋಣ ಅಂದರು.

ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಎರಡು ಹೊತ್ತೂ ರಾಗಿ ಮುದ್ದೆ ಅಂತ ತೀರ್ಮಾನ ಆಗಿದೆ. ರಾಗಿಯಲ್ಲಿ ಕಬ್ಬಿಣ ಇದೆ ಅಲ್ವಾ ಡಾಕ್ಟ್ರೇ?

ತುಂಗೆ ದಂಡೆ · ಬುಧವಾರ, ರಾತ್ರಿ 8:45

ಮುದ್ದೆ ಉಣ್ಣಿ, ಅಮ್ಮನ ಮಾತಿಗೆ ಎದುರು ಹೇಳುವ ಧೈರ್ಯ ನನಗಿಲ್ಲ. ಆದರೆ ರಾಗಿಯ ಹೆಚ್ಚುಗಾರಿಕೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಕಬ್ಬಿಣ ಇದ್ದರೂ ಅದರಲ್ಲಿರುವ ಟ್ಯಾನಿನ್, ಫೈಟೇಟ್ ಮೈಗೆ ಪೂರ್ತಿ ಸೇರೋಕೆ ಬಿಡುವುದಿಲ್ಲ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪು ಇರಲಿ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ನಿಂಬೆಯ ವಿಟಮಿನ್ ಸಿ ಕಬ್ಬಿಣ ಎಳೆದುಕೊಳ್ಳೋಕೆ ಸಹಾಯ ಮಾಡುತ್ತದೆ. ಕಾಫಿ, ಟೀ ಊಟಕ್ಕೂ ಮಾತ್ರೆಗೂ ಒಂದು ಗಂಟೆ ದೂರ ಇರಲಿ. ಊಟ ಆದ ತಕ್ಷಣ ಕಾಫಿ ಕುಡಿಯುವ ಜನ ನಾವು, ಅಲ್ಲೇ ಅರ್ಧ ಹೋಗುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಮಾತ್ರೆಯ ಬಣ್ಣ ಅದು.

ಫೆರಿಟಿನ್ ಇಷ್ಟು ಇಳಿದಾಗ ಊಟ ಒಂದರಿಂದಲೇ ಬೇಗ ತುಂಬುವುದಿಲ್ಲ. ಮಾತ್ರೆ ಬಿಡಬೇಡಿ.

ಡಚ್ ಕೆರೆ ಏರಿ · ಬುಧವಾರ, ರಾತ್ರಿ 11:20

1000 ಕಥೆ ಏನು?

ಒಂಟಿಪೆಡಲ್ · ಗುರುವಾರ, ಬೆಳಗ್ಗೆ 6:15

ಇನ್ನೂ ಮನಸ್ಸು ಬರುತ್ತಿಲ್ಲ ಬಿಡೋಕೆ. ಒಂದು ವರ್ಷದಿಂದ ಕಾದಿದ್ದೆ. 75 ಗಂಟೆ ಇದೆ, ನಿಧಾನ ಹೋದರೆ ಆಗಲ್ವಾ ಅಂತ ರಾತ್ರಿ ಪೂರ್ತಿ ಲೆಕ್ಕ ಹಾಕುತ್ತಿದ್ದೆ.

ಸಣ್ಣ ಗೇರು · ಗುರುವಾರ, ಬೆಳಗ್ಗೆ 6:50

ರಾತ್ರಿ ಪೂರ್ತಿ ಅಂದಿರಲ್ಲ, ಅಲ್ಲಿಗೆ ಇವತ್ತಿನ ನಿದ್ದೆಯೂ ಹೋಯಿತು. ನನಗೂ ಹಾಗೇ ಆಗಿತ್ತು. ಕೆಟ್ಟ ಅನಿಸುತ್ತದೆ, ಯಾರು ಏನು ಹೇಳಿದರೂ ಕೇಳೋಕೆ ಇಷ್ಟ ಆಗಲ್ಲ. ಎರಡು ವಾರ ರೈಡಿನ ಗ್ರೂಪ್‌ಗಳನ್ನೆಲ್ಲ ಮ್ಯೂಟ್ ಮಾಡಿಬಿಡಿ. ನಾನು ಅದನ್ನೇ ಮಾಡಿದ್ದೆ.

ಹಳೇ ಗಾಲಿ, ವಿಜಯಪುರ · ಗುರುವಾರ, ಬೆಳಗ್ಗೆ 7:30

ನಿಧಾನ ಹೋದರೆ ನಿದ್ದೆಗೆ ಟೈಮ್ ಎಲ್ಲಿಂದ ತರುತ್ತಿ? 1000ದಲ್ಲಿ ನಿಧಾನಕ್ಕೇ ದಂಡ ಜಾಸ್ತಿ. ಪರೀಕ್ಷೆ ಬೇಕಾದರೆ ಹೇಳುತ್ತೇನೆ. ಹತ್ತು ದಿನ ಬೆಳಗ್ಗೆ ಹಾಸಿಗೆಯಲ್ಲೇ ನಾಡಿ ಹಿಡಿದು ಒಂದು ಚೀಟಿಯಲ್ಲಿ ಬರೆ. ಪಕ್ಕದಲ್ಲಿ ಎಷ್ಟು ತಾಸು ಮಲಗಿದೆ ಅಂತ ಬರೆ. ಮೂರನೇ ಸಾಲಿನಲ್ಲಿ ಇವತ್ತು ಸೈಕಲ್ ಮೇಲೆ ಕೂರುವ ಆಸೆ ಇದೆಯೋ ಇಲ್ಲವೋ, ಹೌದು ಅಥವಾ ಇಲ್ಲ. ನಾಡಿ 54ಕ್ಕೆ ಬಂದು ಆಸೆ ತಾನಾಗಿ ಬಂದ ದಿನ ಫೋನ್ ಮಾಡು, ನಾನೇ ಬೆಂಗಳೂರಿಗೆ ಬಂದು ಜೊತೆಗೆ 30 ಕಿ.ಮೀ. ತುಳಿಯುತ್ತೇನೆ.

ಒಂಟಿಪೆಡಲ್ · ಹನ್ನೆರಡು ದಿನದ ನಂತರ, ಮಂಗಳವಾರ ರಾತ್ರಿ 9:05

ಚೀಟಿ ಎದುರಿಗಿದೆ. ನಾಡಿ 64, 62, 63, 61, 61, 60, 60, 59, 58, 58. ನಿದ್ದೆ ಮೊದಲ ಮೂರು ದಿನ ಆರು ಗಂಟೆ, ಆಮೇಲೆ ಎಂಟು. ಆಸೆ: ಏಳು ದಿನ ಇಲ್ಲ, ಎಂಟನೇ ದಿನ ಇಲ್ಲ ಅಂತ ಬರೆದು ಹೊಡೆದು ಹಾಕಿದ್ದೇನೆ, ಕೊನೆಯ ಎರಡು ದಿನ ಹೌದು. ಮೆಟ್ಟಿಲು ನಡುವೆ ನಿಲ್ಲದೆ ಹತ್ತುತ್ತಿದ್ದೇನೆ. ತೂಕ 71 ಇದ್ದದ್ದು 72 ಆಗಿದೆ, ಇರಲಿ.

1000 ಬಿಟ್ಟೆ. ಆಯೋಜಕರಿಗೆ ಮೇಲ್ ಹಾಕಿದ್ದೇನೆ.

ಹಳೇ ಗಾಲಿ, ವಿಜಯಪುರ · ಮಂಗಳವಾರ, ರಾತ್ರಿ 9:20

58 ಇನ್ನೂ 54 ಅಲ್ಲ. ಟಿಕೆಟ್ ಬುಕ್ ಮಾಡೋದಿಲ್ಲ ನಾನು, ಕಾಯುತ್ತೇನೆ.

ಬೆಣ್ಣೆದೋಸೆ ಎರಡು · ಮಂಗಳವಾರ, ರಾತ್ರಿ 9:48

ಗುರು, ತಪ್ಪು ತಿಳ್ಕೋಬೇಡಿ. ನೀವು ಹೋಗಲ್ಲ ಅಂದ ಮೇಲೆ ನಿಮ್ಮ ಡೈನಮೋ ಲೈಟ್ ನಾಲ್ಕು ದಿನಕ್ಕೆ ಸಿಗುತ್ತಾ? ನಾನು ಹೋಗುತ್ತಿದ್ದೇನೆ.

ಒಂಟಿಪೆಡಲ್ · ಮಂಗಳವಾರ, ರಾತ್ರಿ 9:55

ಸಿಗುತ್ತದೆ. ಆದರೆ ಡೈನಮೋ ಹಬ್ (ಚಕ್ರದ ನಡುವಿನ ಗುಂಬ) ಒಳಗೇ ಇದೆ, ಮುಂದಿನ ಚಕ್ರ ಸಮೇತ ತಗೊಂಡು ಹೋಗಬೇಕು. ನಿಮ್ಮದು ಡಿಸ್ಕ್ ಬ್ರೇಕಾ, ರಿಮ್ ಬ್ರೇಕಾ? ಮತ್ತೆ ಮಂಗಳವಾರದವರೆಗೆ ರಜೆ ಹಾಕಿದ್ದೀರಾ?

ಬೆಣ್ಣೆದೋಸೆ ಎರಡು · ಮಂಗಳವಾರ, ರಾತ್ರಿ 10:01

ಡಿಸ್ಕ್. ರಜೆ ನಾಳೆ ಕೇಳ್ತೀನಿ.